ಬೇವಿನಕಡ್ಡಿಯೋ, ಸೀಬೆ ಎಲೆಯೋ, ಪುದೀನವೋ? ಹಲ್ಲು ಒಸಡಿಗೆ ನಮ್ಮ ಹಿತ್ತಲಲ್ಲಿ ಏನನ್ನು ಆರಿಸಿಕೊಳ್ಳಬೇಕು

ಹಲ್ಲಿಗೆ ಯಾವ ಸೊಪ್ಪು ಒಳ್ಳೆಯದು ಎಂದು ಅರಸೀಕೆರೆ, ಕಡೂರಿನ ಕಡೆ ಕೇಳಿದರೆ ಬೇವು ಎನ್ನುತ್ತಾರೆ. ಮೂಡಿಗೆರೆ, ಕೊಪ್ಪದ ಕಡೆ ಹಿರಿಯರನ್ನು ಕೇಳಿದರೆ ಮಾವಿನೆಲೆ ಎನ್ನುತ್ತಾರೆ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಪುದೀನ ಕಟ್ಟು ಕೈಗೆತ್ತಿಕೊಂಡವರು ಇದೇ ಸಾಕಲ್ವಾ ಎನ್ನುತ್ತಾರೆ. ಮೂರೂ ಉತ್ತರದಲ್ಲಿ ಹುರುಳಿದೆ. ಆದರೆ ಪ್ರಶ್ನೆಯನ್ನೇ ಸ್ವಲ್ಪ ತಿದ್ದಿಕೊಳ್ಳಬೇಕು. ಹಲ್ಲಿಗೆ ಏನಾಗಿದೆ ಎಂದು ಮೊದಲು ಕೇಳಬೇಕು, ಸೊಪ್ಪಿನ ಮಾತು ಆಮೇಲೆ. ಒಸಡಿನಲ್ಲಿ ರಕ್ತ ಬಂದಾಗ ಬೇಕಾಗುವ ಎಲೆ ಬೇರೆ. ಬಾಯಿ ವಾಸನೆಗೆ ಬೇಕಾಗುವುದು ಬೇರೆ. ರಾತ್ರಿ ಹನ್ನೊಂದು ಗಂಟೆಗೆ ದವಡೆ ಹಲ್ಲು ಸಿಡಿಯತೊಡಗಿದಾಗ ಬೇಕಾಗುವುದು ಇನ್ನೊಂದು.

ಇನ್ನೊಂದು ವಿಷಯ ನಮ್ಮ ಎರಡು ಜಿಲ್ಲೆಗಳಿಗೇ ಸೇರಿದ್ದು. ಹಾಸನ, ಚಿಕ್ಕಮಗಳೂರು ಎರಡೂ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ. ಕಡೂರಿನಲ್ಲಿ ಸೊಂಪಾಗಿ ಬರುವ ಬೇವು ಶೃಂಗೇರಿಯ ಮಳೆಗೆ ಒಗ್ಗುವುದಿಲ್ಲ. ಯುಗಾದಿಗೆ ಬೇವಿನ ಹೂವನ್ನು ಬಯಲುಸೀಮೆಯಿಂದ ತರಿಸಿಕೊಳ್ಳುವ ಮನೆಗಳು ಮಲೆನಾಡಿನಲ್ಲಿ ಎಷ್ಟೋ ಇವೆ. ಹಾಗಾಗಿ ಯಾವುದು ಉತ್ತಮ ಎನ್ನುವುದರ ಜೊತೆಗೆ ಯಾವುದು ದಿನಾ ಹಸಿಯಾಗಿ ಕೈಗೆ ಸಿಗುತ್ತದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಸೊಪ್ಪು ಮಾಡದ ಕೆಲಸ

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾವ ಸೊಪ್ಪೂ ಹುಳುಕನ್ನು ಮುಚ್ಚುವುದಿಲ್ಲ. ನಾವು ತಿಂದ ಸಕ್ಕರೆ, ಬೆಲ್ಲವನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾಡುತ್ತವೆ. ಬಾಯಿಯ ಪಿಎಚ್ (ಆಮ್ಲದ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗೆ ಇಳಿದಾಗ ಹಲ್ಲಿನ ಹೊರಕವಚ ಕರಗಲು ಶುರುವಾಗುತ್ತದೆ. ಮಲೆನಾಡಿನ ಮನೆಗಳಲ್ಲಿ ಬೆಲ್ಲದ ಕಾಫಿ ದಿನಕ್ಕೆ ನಾಲ್ಕೈದು ಸಲ ಆಗುತ್ತದೆ. ಅಂದರೆ ಹಲ್ಲಿನ ಮೇಲೆ ಆಮ್ಲದ ದಾಳಿಯೂ ಅಷ್ಟೇ ಸಲ. ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಎಂಬ ನಂಬಿಕೆ ಇದೆ. ಹಲ್ಲಿನ ವಿಷಯದಲ್ಲಿ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾಫಿ ಕುಡಿದ ಕೂಡಲೇ ಒಂದು ಗುಟುಕು ನೀರು ಬಾಯಲ್ಲಿ ಆಡಿಸಿದರೆ ಅದರಿಂದಲೇ ಎಷ್ಟೋ ಉಪಕಾರ.

ಹಲ್ಲಿನ ಬುಡದಲ್ಲಿ ಗಟ್ಟಿಯಾದ ಕಿಟ್ಟವನ್ನೂ ಯಾವ ಎಲೆಯೂ ತೆಗೆಯುವುದಿಲ್ಲ. ಅದು ಬಚ್ಚಲ ಹಂಡೆಯ ತಳಕ್ಕೆ ಕಟ್ಟಿದ ಗಡಸು ನೀರಿನ ಉಪ್ಪಿನ ಹಾಗೆ. ಕೆರೆದೇ ತೆಗೆಯಬೇಕು, ಆ ಕೆಲಸ ದಂತವೈದ್ಯರದ್ದು. ಕಿಟ್ಟ ಆಗುವ ಮೊದಲು ಅದು ಮೆತ್ತನೆಯ ಅಂಟು ಪದರವಾಗಿರುತ್ತದೆ, ಡಾಕ್ಟರು ಪ್ಲೇಕ್ ಎನ್ನುತ್ತಾರೆ. ಸೊಪ್ಪುಗಳ ಆಟ ನಡೆಯುವುದು ಈ ಹಂತದಲ್ಲಿ. ಪದರದಲ್ಲಿನ ಬ್ಯಾಕ್ಟೀರಿಯಾ ಕಡಿಮೆ ಮಾಡುವುದು, ಒಸಡಿನ ಊತ ಇಳಿಸುವುದು, ಜೊಲ್ಲು ಹೆಚ್ಚಿಸುವುದು, ವಾಸನೆ ತಗ್ಗಿಸುವುದು. ಇಷ್ಟು ಅವುಗಳಿಂದ ಆಗುತ್ತದೆ. ಬ್ರಷ್ಷು ಮತ್ತು ಫ್ಲೋರೈಡ್ ಪೇಸ್ಟಿನ ಜೊತೆಗೆ ಬಳಸಿದರೆ ಇವು ನಿಜಕ್ಕೂ ಬೆಲೆಬಾಳುವ ಸಹಾಯ. ಬ್ರಷ್ಷನ್ನು ಬಿಟ್ಟು ಬಳಸಿದರೆ ಸಾಲುವುದಿಲ್ಲ.

ದಿನಾ ಉಜ್ಜುವುದಕ್ಕೆ: ಬೇವಿನಕಡ್ಡಿ, ಮಾವಿನೆಲೆ, ಬ್ರಷ್ಷು

ಬೇವಿನಕಡ್ಡಿಗೆ ಬಹಳ ಹಳೆಯ ಹೆಸರಿದೆ. ಸುಶ್ರುತ ಸಂಹಿತೆಯಲ್ಲಿ ಹಲ್ಲುಕಡ್ಡಿಯ ಅಳತೆಯನ್ನೇ ಕೊಟ್ಟಿದ್ದಾರೆ. ಹನ್ನೆರಡು ಅಂಗುಲ ಉದ್ದ ಇರಬೇಕು, ಕಿರುಬೆರಳಿನ ದಪ್ಪ ಇರಬೇಕು. ನಮ್ಮ ಲೆಕ್ಕದಲ್ಲಿ ಒಂದು ಗೇಣು. ಕಹಿ ರುಚಿಯ ಕಡ್ಡಿಗಳಲ್ಲಿ ಬೇವು ಮೊದಲು, ಖಾರದವುಗಳಲ್ಲಿ ಹೊಂಗೆ ಮೊದಲು ಎಂದೂ ಅಲ್ಲಿ ಹೇಳಿದೆ. ನಮ್ಮ ಬಯಲು ಕಡೆ ಇಂದಿಗೂ ಈ ಎರಡೇ ಕಡ್ಡಿಗಳು ಬಳಕೆಯಲ್ಲಿರುವುದು.

ಬೇವಿಗೆ ಇತ್ತೀಚಿನ ಆಧಾರವೂ ಇದೆ. ಮಣಿಪಾಲದ ಸಂಶೋಧಕರು ಬೇವಿನ ಎಲೆಯ ಸಾರದಿಂದ ಜೆಲ್ ಮಾಡಿ, 6 ವಾರ ಜನರ ಮೇಲೆ ಪರೀಕ್ಷಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ದಂತವೈದ್ಯರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ದ್ರಾವಣದ ಜೊತೆ ಹೋಲಿಸಿದ್ದರು. ಬೇವಿನ ಜೆಲ್ ಬಳಸಿದವರಲ್ಲಿ ಹಲ್ಲಿನ ಪದರವೂ ಬ್ಯಾಕ್ಟೀರಿಯಾವೂ ಕಡಿಮೆಯಾದವು. ಆದರೆ ಒಂದು ಮಾತು ನೆನಪಿರಲಿ. ಅಲ್ಲಿ ಬಳಸಿದ್ದು ಅಳತೆ ಮಾಡಿ ತೆಗೆದ ಸಾರ. ನಾವು ಬಾಯಲ್ಲಿ ಜಗಿಯುವ ಕಡ್ಡಿಯಲ್ಲಿ ಎಷ್ಟು ಸತ್ವ ಇಳಿಯುತ್ತದೆ ಎನ್ನುವುದು ಮರದ ಮೇಲೆ, ಕಾಲದ ಮೇಲೆ, ಜಗಿಯುವ ರೀತಿಯ ಮೇಲೆ ಹೋಗುತ್ತದೆ.

ಕಡ್ಡಿಯ ತೊಂದರೆ ಇರುವುದು ಅದರ ಆಕಾರದಲ್ಲಿ. ಮುಂದಿನ ಹಲ್ಲುಗಳ ಹೊರಭಾಗ ಚೆನ್ನಾಗಿ ಸ್ವಚ್ಛವಾಗುತ್ತದೆ. ದವಡೆ ಹಲ್ಲಿನ ಒಳಬದಿಗೆ, ಹಲ್ಲುಗಳ ಸಂದಿಗೆ ಕಡ್ಡಿ ತಲುಪುವುದು ಕಷ್ಟ. ಹುಳುಕು ಹೆಚ್ಚಾಗಿ ಹಿಡಿಯುವುದೂ ಅಲ್ಲೇ. ಮತ್ತೆ, ಅಡ್ಡಡ್ಡವಾಗಿ ಜೋರಾಗಿ ತಿಕ್ಕುವ ಅಭ್ಯಾಸ ಇದ್ದವರಿಗೆ ಒಸಡು ಮೇಲಕ್ಕೆ ಸರಿದು ಹಲ್ಲಿನ ಬುಡ ಕಾಣತೊಡಗುತ್ತದೆ, ಬುಡದಲ್ಲಿ ಸವೆತ ಆಗುತ್ತದೆ, ತಣ್ಣೀರು ತಾಗಿದರೂ ಜುಮ್ಮೆನ್ನುತ್ತದೆ. ಕಡ್ಡಿ ಬಳಸುವವರು ಎಳೆಯ ಕೊಂಬೆಯನ್ನೇ ಆರಿಸಿ. ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಎಳೆಎಳೆಯಾಗಿ ಮಾಡಿಕೊಳ್ಳಿ. ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಮೆಲ್ಲಗೆ ಎಳೆಯಿರಿ. ಬಳಸಿದ ಮೇಲೆ ಆ ತುದಿಯನ್ನು ಕತ್ತರಿಸಿ ಎಸೆಯಿರಿ. ಒಣಗಿದ ಕಡ್ಡಿಯ ಸಿಬಿರು ಒಸಡಿಗೆ ಚುಚ್ಚುತ್ತದೆ, ಅದು ಬೇಡ.

ಮರ ಗುರುತಿಸುವಾಗ ಎಚ್ಚರ ಬೇಕು. ಬಯಲು ತಾಲೂಕುಗಳಲ್ಲಿ ಈಗ ಮರಮುಟ್ಟಿಗಾಗಿ ಹೆಬ್ಬೇವನ್ನು ತೋಟಗಟ್ಟಲೆ ಬೆಳೆಸುತ್ತಿದ್ದಾರೆ. ಹುಚ್ಚುಬೇವು ಎಂಬ ಇನ್ನೊಂದು ಮರವೂ ರಸ್ತೆ ಬದಿಯಲ್ಲಿ ಸಿಗುತ್ತದೆ, ಅದರ ಕಾಯಿ ವಿಷ. ಕಹಿಬೇವಿನ ಎಲೆಯಲ್ಲಿ ಒಂದೇ ದಂಟಿನ ಎರಡೂ ಬದಿಗೆ ಗರಗಸದ ಅಂಚಿನ ಎಲೆಗಳು ನೇರವಾಗಿ ಸಾಲಾಗಿ ಇರುತ್ತವೆ. ಉಳಿದ ಎರಡರಲ್ಲಿ ದಂಟು ಮತ್ತೆ ಕವಲೊಡೆದು, ಆ ಕವಲಿನಲ್ಲಿ ಎಲೆಗಳು ಇರುತ್ತವೆ. ಕವಲು ಕಂಡರೆ ಆ ಮರದ ಕಡ್ಡಿ ಬಾಯಿಗೆ ಬೇಡ.

ಮಲೆನಾಡಿನ ಮಾವಿನೆಲೆಯ ಪದ್ಧತಿಯನ್ನು ಹೊಸಬರು ಮರೆತೇಬಿಟ್ಟಿದ್ದಾರೆ. ಬಲಿತ ಎಲೆಯೊಂದನ್ನು ತೊಳೆದು, ನಡುವಿನ ದಿಂಡನ್ನು ಬಿಡಿಸಿ, ಎಲೆಯನ್ನು ಮಡಚಿ ಸುರುಳಿ ಮಾಡಿ ಬೆರಳಲ್ಲಿ ಹಿಡಿದು ಹಲ್ಲು, ಒಸಡು ಉಜ್ಜುವುದು. ದಿಂಡನ್ನು ಸೀಳಿದರೆ ನಾಲಿಗೆ ಹೆರೆಯುವ ಕಡ್ಡಿ ಸಿದ್ಧ. ಬೇವಿಗಿಂತ ಇದು ಒಸಡಿಗೆ ಮೃದು. ವಯಸ್ಸಾದವರಿಗೆ, ಅಲ್ಲಾಡುವ ಹಲ್ಲು ಇರುವವರಿಗೆ ಬ್ರಷ್ಷಿನ ನಂತರ ಒಸಡು ನೀವಿಕೊಳ್ಳಲು ಬಹಳ ಹಿತ. ಸಂದಿ ಸ್ವಚ್ಛ ಮಾಡುವುದರಲ್ಲಿ ಮಾತ್ರ ಇದು ಕಡ್ಡಿಗಿಂತಲೂ ಹಿಂದೆ. ಮಾವಿನ ಸೊನೆ ಕೆಲವರಿಗೆ ಆಗಿಬರುವುದಿಲ್ಲ, ತುಟಿ ಊದಿಕೊಳ್ಳುತ್ತದೆ, ಗುಳ್ಳೆ ಏಳುತ್ತದೆ. ಮಾವಿನಕಾಯಿ ಸಿಪ್ಪೆಯಿಂದ ತುರಿಕೆ ಬರುವವರು ಎಲೆಯನ್ನೂ ಬಿಡಬೇಕು.

ನನ್ನ ಆಯ್ಕೆ ಹೀಗಿದೆ. ಬೆಳಿಗ್ಗೆ ರಾತ್ರಿ ಎರಡು ಹೊತ್ತು ಮೆತ್ತನೆಯ ಬ್ರಷ್ಷು, ಪೊಟ್ಟಣದ ಮೇಲೆ 1000 ಪಿಪಿಎಂ ಆಸುಪಾಸು ಫ್ಲೋರೈಡ್ ಎಂದು ಬರೆದಿರುವ ಪೇಸ್ಟು. ಬೇವಿನಕಡ್ಡಿ ಇಷ್ಟ ಇದ್ದರೆ ಮಧ್ಯಾಹ್ನ ಊಟದ ನಂತರ. ಹೊಲದ ಕೆಲಸದಲ್ಲಿರುವವರಿಗೆ ಮನೆಗೆ ಹೋಗಿ ಬ್ರಷ್ ಮಾಡಲು ಆಗುವುದಿಲ್ಲ, ಆ ಹೊತ್ತಿಗೆ ಬದುವಿನ ಬೇವು ಎಷ್ಟೋ ಪಾಲು ಮೇಲು. ಇದ್ದಿಲು, ಇಟ್ಟಿಗೆ ಪುಡಿ, ಬೂದಿ ಮೂರನ್ನೂ ಬಿಟ್ಟುಬಿಡಿ. ಅವು ಕವಚವನ್ನೇ ಸವೆಸುತ್ತವೆ.

ಒಸಡಿನಲ್ಲಿ ರಕ್ತ, ಊತ: ನಾನು ಸೀಬೆ ಎಲೆಯ ಪಕ್ಷ

ಇಡೀ ಹೋಲಿಕೆಯಲ್ಲಿ ಒಂದೇ ಒಂದನ್ನು ಆರಿಸು ಎಂದರೆ ನಾನು ಸೀಬೆಯ ಎಲೆಯನ್ನು ಆರಿಸುತ್ತೇನೆ. ಮಲೆನಾಡಿನಲ್ಲಿ ಪೇರಲೆ ಎನ್ನುತ್ತಾರೆ. ಇದಕ್ಕೆ ಮೊದಲ ಕಾರಣ ತೀರಾ ಸರಳ. ಸೀಬೆ ಗಿಡ ಕಡೂರಿನ ಹಿತ್ತಲಲ್ಲೂ ಇದೆ, ಕಳಸದ ಹಿತ್ತಲಲ್ಲೂ ಇದೆ. ವರ್ಷವಿಡೀ ಎಲೆ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಎರಡನೆಯದು ಅದರ ಒಗರು. ಆ ಒಗರು ಟ್ಯಾನಿನ್‌ನಿಂದ ಬರುವುದು. ಟ್ಯಾನಿನ್ ಊದಿದ ಒಸಡನ್ನು ಬಿಗಿ ಮಾಡುತ್ತದೆ. ಜೊತೆಗೆ ಕ್ವೆರ್ಸೆಟಿನ್‌ನಂಥ ವಸ್ತುಗಳಿವೆ, ಅವು ಉರಿಯೂತ ತಗ್ಗಿಸುತ್ತವೆ. ಸೀಬೆ ಎಲೆಯ ಸಾರದ ಮೌತ್‌ವಾಶ್ ಮೇಲೂ ಮಣಿಪಾಲದಲ್ಲಿ ಪರೀಕ್ಷೆ ನಡೆದು 2019ರಲ್ಲಿ ಪ್ರಕಟವಾಗಿದೆ. ಒಸಡಿನ ಊತ ಇರುವವರಿಗೆ ಹಲ್ಲು ಕ್ಲೀನಿಂಗ್ ಜೊತೆಗೆ ಪೂರಕವಾಗಿ ಬಳಸಬಹುದು ಎಂಬ ಅಭಿಪ್ರಾಯಕ್ಕೆ ಅವರು ಬಂದರು. ಪೂರಕವಾಗಿ ಎಂಬ ಆ ಮಾತು ಮುಖ್ಯ.

ಮಾಡುವುದು ಹೀಗೆ. ಆರೆಂಟು ಎಳೆ ಎಲೆಗಳನ್ನು ಚೆನ್ನಾಗಿ ತೊಳೆಯಿರಿ. ಎರಡು ಲೋಟ ನೀರಿಗೆ ಹಾಕಿ, ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ. ಉಗುರು ಬೆಚ್ಚಗಾದ ಮೇಲೆ ಸೋಸಿ, ಚಿಟಿಕೆ ಉಪ್ಪು ಹಾಕಿ. ಬೆಳಿಗ್ಗೆ ರಾತ್ರಿ ಬ್ರಷ್ ಮಾಡಿ ಸ್ವಲ್ಪ ಹೊತ್ತಾದ ಮೇಲೆ, ಅರ್ಧ ನಿಮಿಷ ಬಾಯಲ್ಲಿ ಆಡಿಸಿ ಉಗುಳಿ. ಅಂದಿನದು ಅಂದಿಗೇ. ನಾಳೆಗೆ ಇಟ್ಟರೆ ಹಳಸುತ್ತದೆ. ಒಂದು ವಾರ ಸಾಕು. ತಿಂಗಳುಗಟ್ಟಲೆ ಮಾಡಿದರೆ ಟ್ಯಾನಿನ್ ಹಲ್ಲಿಗೆ ಕಂದು ಬಣ್ಣ ಹಿಡಿಸುತ್ತದೆ. ಮೊದಲೇ ನಾವು ಕಾಫಿ ಸೀಮೆಯವರು, ಕಾಫಿಯ ಕಲೆ ಸಾಲದೇ?

ಬೇವಿನ ಎಲೆಯ ಕಷಾಯವೂ ಇದೇ ಕೆಲಸ ಮಾಡುತ್ತದೆ, ಬ್ಯಾಕ್ಟೀರಿಯಾ ವಿಷಯದಲ್ಲಿ ಬೇವಿನ ಕೈ ಒಂದಿಷ್ಟು ಮೇಲಿದ್ದರೂ ಇರಬಹುದು. ಆದರೆ ಕಹಿ. ಮನೆಯವರೆಲ್ಲ ಮೂರನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಬಿಡದೆ ಮಾಡುವ ಸಾಧಾರಣ ಔಷಧ, ಅರ್ಧಕ್ಕೆ ಬಿಡುವ ಉತ್ತಮ ಔಷಧಕ್ಕಿಂತ ಮೇಲು ಎನ್ನುವುದು ನನ್ನ ಅನಿಸಿಕೆ.

ಹಸಿ ಅರಿಶಿನದ ಕೊಂಬು ಸಿಕ್ಕಾಗ ತೇದು ಒಸಡಿಗೆ ಹಚ್ಚುವವರಿದ್ದಾರೆ. ಅದರಲ್ಲಿನ ಕರ್ಕ್ಯುಮಿನ್ ಉರಿಯೂತ ಇಳಿಸುವುದು ನಿಜ. ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಅರಿಶಿನದ ನೀರಿನಲ್ಲಿ ಬಾಯಿ ಮುಕ್ಕಳಿಸುವುದರಿಂದ ಹೆಚ್ಚೇನೂ ಆಗದು. ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಒಸಡಿಗೆ ಮೆತ್ತಿ ಐದು ನಿಮಿಷ ಬಿಡುವುದು ಮೇಲು. ಬ್ರಷ್ಷು, ಬಟ್ಟೆ, ಸಿಂಕು ಎಲ್ಲ ಹಳದಿಯಾಗುವುದನ್ನು ಒಪ್ಪಿಕೊಳ್ಳಬೇಕು.

ಇವೆಲ್ಲದರ ಪಕ್ಕದಲ್ಲಿ ಬರೀ ಉಪ್ಪುನೀರನ್ನೂ ಇಡಬೇಕು. ಒಂದು ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು. ಒಸಡು ಊದಿದಾಗ, ಹಲ್ಲು ಕೀಳಿಸಿದ ಮರುದಿನದಿಂದ, ದಂತವೈದ್ಯರೂ ಹೇಳುವುದು ಇದನ್ನೇ. ಯಾವ ಎಲೆಯೂ ಕೈಗೆ ಸಿಗದಿದ್ದರೆ ಚಿಂತೆ ಬೇಡ, ಇದರಿಂದ ಮುಕ್ಕಾಲು ಪಾಲು ಹಿತ ಸಿಗುತ್ತದೆ.

ಎರಡು ವಾರ ಚೆನ್ನಾಗಿ ಬ್ರಷ್ ಮಾಡಿ, ಅದರಲ್ಲಿ ಒಂದು ವಾರ ಕಷಾಯದಿಂದ ಮುಕ್ಕಳಿಸಿದರೂ ರಕ್ತ ನಿಲ್ಲದಿದ್ದರೆ ಬುಡದಲ್ಲಿ ಕಿಟ್ಟ ಇರುವ ಸಾಧ್ಯತೆಯೇ ಹೆಚ್ಚು. ಕ್ಲೀನಿಂಗ್ ಮಾಡಿಸಬೇಕು. ಹಲ್ಲು ಕ್ಲೀನ್ ಮಾಡಿಸಿದರೆ ಅಲ್ಲಾಡುತ್ತವೆ ಎಂದು ಹೆದರುವವರು ನಮ್ಮ ಕಡೆ ಇನ್ನೂ ಜಾಸ್ತಿ. ಹಲ್ಲನ್ನು ಹಿಡಿದಿರುವ ಮೂಳೆ ಕಿಟ್ಟದಿಂದಲೇ ಸವೆದಿರುತ್ತದೆ. ಕಿಟ್ಟ ತೆಗೆದಾಗ ಆ ಸಡಿಲ ಬಯಲಾಗುತ್ತದೆ, ಅಷ್ಟೇ. ಹಾಸನದಲ್ಲಿ ಹಾಸನಾಂಬ ದಂತ ಕಾಲೇಜಿದೆ, ಎರಡೂ ಜಿಲ್ಲಾ ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಆಯುರ್ವೇದದ ದಾರಿಯಲ್ಲೇ ಹೋಗಬೇಕು ಎನ್ನುವವರಿಗೆ ಹಾಸನದ ತಣ್ಣೀರುಹಳ್ಳದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ಆಸ್ಪತ್ರೆಯಿದೆ. ಸುಮ್ನೆ ಯಾರೋ ಹೇಳಿದ ಗಿಡ ಜಗಿಯುವುದಕ್ಕಿಂತ ಅಲ್ಲಿ ಕೇಳುವುದು ಒಳ್ಳೆಯದು.

ಬಾಯಿ ವಾಸನೆಗೆ: ಪುದೀನ, ದೊಡ್ಡಪತ್ರೆ, ತುಳಸಿ

ಇಲ್ಲಿ ಪುದೀನ ಗೆಲ್ಲುತ್ತದೆ. ಅದೂ ಹಸಿಯದು. ಬೆಳ್ಳುಳ್ಳಿ ತಿಂದ ಮೇಲೆ ಬರುವ ವಾಸನೆ ಬಾಯಲ್ಲಿ ಮಾತ್ರ ಇರುವುದಿಲ್ಲ. ಅದರ ಗಂಧಕದ ವಸ್ತುವೊಂದು ರಕ್ತಕ್ಕೆ ಸೇರಿ, ಶ್ವಾಸಕೋಶದಿಂದ ಉಸಿರಿನಲ್ಲಿ ಹೊರಗೆ ಬರುತ್ತಿರುತ್ತದೆ. ಹಾಗಾಗಿ ಎಷ್ಟು ಬ್ರಷ್ ಮಾಡಿದರೂ ಹೋಗುವುದಿಲ್ಲ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬೆಳ್ಳುಳ್ಳಿಯ ಜೊತೆಗೆ ಅಥವಾ ಅದರ ಹಿಂದೆಯೇ ಹಸಿ ಸೇಬು, ಲೆಟಿಸ್, ಪುದೀನ ಎಲೆ ತಿನ್ನಿಸಿ ಉಸಿರನ್ನು ಅಳೆದು ನೋಡಿದ್ದಾರೆ. ಮೂರರಿಂದಲೂ ವಾಸನೆ ಇಳಿಯಿತು, ಪುದೀನ ಚೆನ್ನಾಗಿ ಕೆಲಸ ಮಾಡಿತು. ಎಲೆಯಲ್ಲಿರುವ ಫಿನಾಲ್ ವಸ್ತುಗಳು ಗಂಧಕದ ವಾಸನೆಯನ್ನು ಕಟ್ಟಿಹಾಕುತ್ತವೆ. ಬೇರೆ ಪರಿಮಳದಿಂದ ಮುಚ್ಚುವುದಷ್ಟೇ ಅಲ್ಲ, ವಾಸನೆಯ ವಸ್ತುವೇ ಕಡಿಮೆಯಾಗುತ್ತದೆ. ಹಾಗಾಗಿ ಬೆಳ್ಳುಳ್ಳಿ ಚಟ್ನಿ, ರೊಟ್ಟಿ ತಿಂದ ಕೂಡಲೇ ಐದಾರು ಹಸಿ ಎಲೆ ಚೆನ್ನಾಗಿ ಅಗಿದು ನುಂಗಿ. ಒಂದು ಗಂಟೆ ಬಿಟ್ಟು ತಿಂದರೆ ಅಷ್ಟು ಉಪಯೋಗವಿಲ್ಲ.

ಪುದೀನದ ದೋಷ ಒಂದೇ, ಮಲೆನಾಡಿನ ಆಷಾಢ. ಸಕಲೇಶಪುರ, ಮೂಡಿಗೆರೆಯ ಮಳೆಯಲ್ಲಿ ನೆಲದ ಪುದೀನ ಕೊಳೆತು ಹೋಗುತ್ತದೆ. ಕುಂಡದಲ್ಲಿ ಹಾಕಿ ಸೂರಿನ ಕೆಳಗೆ, ಬೆಳಕು ಬೀಳುವ ಕಡೆ ಇಟ್ಟುಕೊಳ್ಳಬೇಕು. ಮಾರುಕಟ್ಟೆಯಿಂದ ತಂದ ಕಟ್ಟಿನ ಎಲೆ ಬಳಸಿ, ಗಟ್ಟಿ ದಂಟನ್ನು ಕುಂಡದಲ್ಲಿ ನೆಟ್ಟರೆ ಚಿಗುರುತ್ತದೆ. ಬೀಜ ಹುಡುಕುವ ಕೆಲಸವಿಲ್ಲ.

ದೊಡ್ಡಪತ್ರೆಯನ್ನು ನಾವು ತಂಬುಳಿ, ಬಜ್ಜಿಗೆ ಮಾತ್ರ ನೆನೆಯುತ್ತೇವೆ. ಅದರ ಘಾಟಿಗೆ ಕಾರಣ ಕಾರ್ವಕ್ರಾಲ್, ಥೈಮಾಲ್ ಎಂಬ ವಸ್ತುಗಳು. ಅಂಗಡಿಯಲ್ಲಿ ಸಿಗುವ ಕೆಲವು ಹೆಸರಾಂತ ಮೌತ್‌ವಾಶ್‌ಗಳಲ್ಲಿ ಥೈಮಾಲ್ ಇದ್ದೇ ಇದೆ. ಒಂದು ದಪ್ಪ ಎಲೆಯನ್ನು ಎರಡು ಕಲ್ಲು ಉಪ್ಪಿನ ಜೊತೆ ನಿಧಾನವಾಗಿ ಅಗಿದರೆ ಬಾಯಿ ತುಂಬ ಜೊಲ್ಲು ಬರುತ್ತದೆ. ಜೊಲ್ಲು ಹಲ್ಲಿನ ದೊಡ್ಡ ರಕ್ಷಕ. ಅದು ಆಮ್ಲವನ್ನು ತೊಳೆಯುತ್ತದೆ, ಕ್ಯಾಲ್ಸಿಯಂ ಮರಳಿಸುತ್ತದೆ. ಬಿಪಿ, ಖಿನ್ನತೆ ಮುಂತಾದವುಗಳಿಗೆ ಕೆಲವು ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಬಾಯಿ ಒಣಗುತ್ತದೆ ಎಂಬ ದೂರು ಇರುತ್ತದಲ್ವಾ, ಅವರಿಗೆ ಪುದೀನಕ್ಕಿಂತ ದೊಡ್ಡಪತ್ರೆ ಹೆಚ್ಚು ಒಗ್ಗುತ್ತದೆ ಎಂದು ನನ್ನ ಅಭಿಪ್ರಾಯ. ನಮ್ಮ ಕಡೆ ಸಮೃದ್ಧಿಯಾಗಿ ಬೆಳೆಯುವ ಹಸಿಶುಂಠಿಯ ಒಂದು ಚೂರೂ ಜೊಲ್ಲು ತರಿಸುತ್ತದೆ, ಆದರೆ ಬಾಯಿಹುಣ್ಣು ಇದ್ದರೆ ಉರಿಯುತ್ತದೆ.

ತುಳಸಿಯಲ್ಲಿ ಯುಜಿನಾಲ್ ಇದೆ, ಲವಂಗದಲ್ಲಿ ಇರುವುದೂ ಅದೇ, ಆದರೆ ತುಳಸಿಯಲ್ಲಿ ಕಡಿಮೆ. ಎಲ್ಲರ ಮನೆ ಮುಂದೆಯೂ ಇದೆ ಎನ್ನುವುದೇ ಇದರ ದೊಡ್ಡ ಗುಣ. ತುಳಸಿಯನ್ನು ಹಲ್ಲಿನಿಂದ ಕಚ್ಚಬಾರದು ಎನ್ನುವ ಮನೆಗಳೂ ಇವೆ. ಅಂಥವರು ಬಿಸಿನೀರಿನಲ್ಲಿ ಎಲೆ ನೆನೆಸಿ ಆ ನೀರಿನಲ್ಲಿ ಮುಕ್ಕಳಿಸಬಹುದು. ಕೊತ್ತಂಬರಿ ಸೊಪ್ಪು, ಕರಿಬೇವು ಅಗಿದರೂ ಸ್ವಲ್ಪ ಹೊತ್ತು ಬಾಯಿ ಚೊಕ್ಕವೆನಿಸುತ್ತದೆ.

ದಿನವೂ ವಾಸನೆ ಬರುತ್ತಿದ್ದರೆ ಮಾತ್ರ ಸೊಪ್ಪಿಗೆ ಕೈ ಹಾಕುವ ಮೊದಲು ನಾಲಿಗೆಯ ಹಿಂಭಾಗ ನೋಡಿಕೊಳ್ಳಿ. ಹೆಚ್ಚಿನವರಲ್ಲಿ ವಾಸನೆಯ ಮೂಲ ಅಲ್ಲಿ ಕೂತ ಬಿಳಿ ಪದರ, ಇಲ್ಲವೇ ಒಸಡಿನ ರೋಗ. ಮೊದಲನೆಯದಕ್ಕೆ ನಾಲಿಗೆ ಹೆರೆಯುವುದೇ ಮದ್ದು.

ಹಲ್ಲುನೋವಿಗೆ: ಲವಂಗ, ಹೆಮ್ಮುಗುಳು

ಲವಂಗದ ಎಣ್ಣೆಯಲ್ಲಿ ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಯುಜಿನಾಲ್ ಇರುತ್ತದೆ. ಅದು ನರವನ್ನು ಮಂಪರು ಮಾಡುತ್ತದೆ. ದಂತವೈದ್ಯರು ತಾತ್ಕಾಲಿಕವಾಗಿ ಹಲ್ಲು ತುಂಬಲು ಬಳಸುವ ಸಿಮೆಂಟಿನಲ್ಲೂ ಸತುವಿನ ಆಕ್ಸೈಡ್ ಜೊತೆ ಯುಜಿನಾಲ್ ಸೇರಿಸುತ್ತಾರೆ. ಆಸ್ಪತ್ರೆಯ ಆ ಪರಿಚಿತ ಘಾಟು ಅದರದೇ. ನಮ್ಮ ಕಾಫಿ ತೋಟಗಳಲ್ಲಿ ಅಲ್ಲಲ್ಲಿ ಲವಂಗದ ಮರಗಳಿವೆ, ಇಲ್ಲದವರಿಗೆ ಡಬ್ಬಿಯ ಲವಂಗ ಸಾಕು. ಹಸಿ ಮೊಗ್ಗೇ ಆಗಬೇಕೆಂದಿಲ್ಲ. ನೋಯುವ ಹಲ್ಲಿನ ಪಕ್ಕ ಒಂದು ಲವಂಗ ಇಟ್ಟು ಮೆಲ್ಲಗೆ ಅದುಮಿ. ಎಣ್ಣೆಯಾದರೆ ಒಂದು ಹನಿಯನ್ನು ಒಂದು ಚಮಚ ಕೊಬ್ಬರಿ ಎಣ್ಣೆಗೆ ಬೆರೆಸಿ ಹತ್ತಿಯಲ್ಲಿ ಹಚ್ಚಿ. ನೇರ ಎಣ್ಣೆ ಒಸಡನ್ನು ಸುಡುತ್ತದೆ. ಮಕ್ಕಳ ಕೈಗೆ ಆ ಬಾಟಲಿ ಸಿಗಲೇಬಾರದು. ಸ್ವಲ್ಪ ಕುಡಿದರೂ ಅಪಾಯ.

ಹೆಮ್ಮುಗುಳು ಎಂಬ ಚಿಕ್ಕ ಗಿಡ ಗದ್ದೆಯ ಬದು, ತೋಟದ ತೇವದ ಜಾಗದಲ್ಲಿ ಬರುತ್ತದೆ. ಹಳದಿ ಗುಂಡಿಯಂಥ ಹೂವು. ಕೆಲವರು ವನಮುಗುಳಿ ಎನ್ನುತ್ತಾರೆ, ಸುಮ್ನೆ ಹಲ್ಲುನೋವಿನ ಗಿಡ ಎನ್ನುವವರೂ ಇದ್ದಾರೆ. ಹೂವನ್ನು ಅಗಿದರೆ ನಾಲಿಗೆ ಜುಮುಗುಟ್ಟಿ ಆ ಭಾಗ ಮರಗಟ್ಟುತ್ತದೆ, ಜೊಲ್ಲು ಹರಿಯುತ್ತದೆ. ಸ್ಪಿಲಾಂಥಾಲ್ ಎಂಬ ವಸ್ತುವಿನ ಕೆಲಸ ಅದು. ಲವಂಗಕ್ಕೂ ಇದಕ್ಕೂ ಹೋಲಿಸಿದರೆ ಹೆಮ್ಮುಗುಳು ಬೇಗ ಹಿಡಿಯುತ್ತದೆ, ಬೇಗ ಬಿಡುತ್ತದೆ. ಲವಂಗ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಗಿಡ ಗುರುತಿಸಲು ಗೊತ್ತಿಲ್ಲದವರು ಲವಂಗವನ್ನೇ ಆರಿಸಿ.

ಎರಡೂ ಬೆಳಗಾಗುವವರೆಗಿನ ಉಪಾಯಗಳು. ಎರಡು ಮೂರು ದಿನ ಜೋರಾಗಿ ನೋಯುತ್ತಿದ್ದ ಹಲ್ಲು ಒಮ್ಮೆಲೇ ಸುಮ್ಮನಾದರೆ ಲವಂಗದಿಂದ ವಾಸಿಯಾಯಿತು ಎಂದು ಖುಷಿಪಡಬೇಡಿ. ಒಳಗಿನ ನರ ಸತ್ತಿರುವ ಸಾಧ್ಯತೆಯೇ ಹೆಚ್ಚು. ಸೋಂಕು ಬೇರಿನ ತುದಿಯಲ್ಲಿ ಬೆಳೆಯುತ್ತಲೇ ಇರುತ್ತದೆ. ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಆಗದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ವೀಳ್ಯದೆಲೆಯ ವಿಷಯ ಬೇರೆಯಾಗಿಯೇ ಹೇಳಬೇಕು

ಬರೀ ವೀಳ್ಯದೆಲೆಯಲ್ಲಿ ಬ್ಯಾಕ್ಟೀರಿಯಾ ತಡೆಯುವ ಹೈಡ್ರಾಕ್ಸಿಚಾವಿಕಾಲ್‌ನಂಥ ವಸ್ತುಗಳಿವೆ. ಊಟದ ನಂತರ ಒಂದು ಹಸಿ ಎಲೆಯನ್ನು ಒಂದು ಏಲಕ್ಕಿ ಜೊತೆ ಅಗಿದರೆ ಬಾಯಿ ಚೊಕ್ಕವಾಗುತ್ತದೆ. ತಕರಾರಿಲ್ಲ. ತಕರಾರು ಅದರ ಒಳಗೆ ಇಡುವುದರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಅಡಿಕೆಯನ್ನು, ತಂಬಾಕು ಇಲ್ಲದ ತಾಂಬೂಲವನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಕೊಪ್ಪ, ಶೃಂಗೇರಿ, ತರೀಕೆರೆಯ ಎಷ್ಟೋ ಮನೆಗಳ ಅನ್ನ. ಅದನ್ನು ಬೆಳೆದವರ ಮನೆಯಲ್ಲಿ ಕೂತು ಈ ಮಾತು ಹೇಳುವುದು ಸುಲಭವಲ್ಲ. ಆದರೂ ದಿನಾ ಅಡಿಕೆ ಜಗಿಯುವವರ ಕೆನ್ನೆಯ ಒಳಭಾಗ ನಿಧಾನಕ್ಕೆ ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುವ ರೋಗ ಬರುತ್ತದೆ. ಖಾರ ತಾಗಿದರೆ ಉರಿ ಅದರ ಮೊದಲ ಲಕ್ಷಣ. ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ನೆಟ್ಟಗೆ ಬಾಯೊಳಗೆ ಹಿಡಿಸಲು ಆಗುತ್ತದೆಯೇ ಎಂದು ನೋಡಿಕೊಳ್ಳಿ. ಆಗದಿದ್ದರೆ ತೋರಿಸಬೇಕು. ಮದುವೆ ಮನೆಯ ತಾಂಬೂಲಕ್ಕಿಂತ ಜೇಬಿನಲ್ಲಿಟ್ಟುಕೊಂಡು ದಿನವಿಡೀ ಹಾಕುವ ಪೊಟ್ಟಣದ ಅಡಿಕೆ ನನಗೆ ಹೆಚ್ಚು ಆತಂಕ ತರುತ್ತದೆ. ಎಲೆ ಬೇಕಾದವರು ಎಲೆ ಮಾತ್ರ ತಿನ್ನಿ.

ಕಂದು ಕಲೆ, ನೆಲ್ಲಿಕಾಯಿ, ನಿಂಬೆ

ಅರಸೀಕೆರೆ, ಕಡೂರಿನ ಕೆಲವು ಹಳ್ಳಿಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುವುದು ಭಾರತದ ಮಾನದಂಡ. ಹಲ್ಲು ಹುಟ್ಟುವ ಮೊದಲಿನ ವರ್ಷಗಳಲ್ಲಿ ಅತಿಯಾದ ಫ್ಲೋರೈಡ್ ನೀರು ಕುಡಿದ ಮಕ್ಕಳಿಗೆ ಸುಣ್ಣದ ಗೆರೆ, ಕಂದು ಕಲೆ ಬರುತ್ತದೆ. ಅದು ಕವಚದ ಒಳಗೇ ಇರುವ ಕಲೆ. ಬೇವು, ಇದ್ದಿಲು, ನಿಂಬೆ, ಯಾವುದರಿಂದ ತಿಕ್ಕಿದರೂ ಹೋಗುವುದಿಲ್ಲ, ತಿಕ್ಕಿದಷ್ಟೂ ಹಲ್ಲು ಹಾಳು. ಅಲ್ಲಿನವರು ಮೊದಲು ನೀರು ಪರೀಕ್ಷೆ ಮಾಡಿಸಬೇಕು. ಮಕ್ಕಳಿಗೆ ಯಾವ ಪೇಸ್ಟು, ಎಷ್ಟು ಎನ್ನುವುದನ್ನು ದಂತವೈದ್ಯರನ್ನೇ ಕೇಳಬೇಕು.

ನೆಲ್ಲಿಕಾಯಿ ಒಸಡಿಗೆ ಒಳ್ಳೆಯದು, ಅದರಲ್ಲಿ ಸಿ ಜೀವಸತ್ವ ಹೇರಳ. ಅದರ ಕೊರತೆಯಾದರೂ ಒಸಡಿನಲ್ಲಿ ರಕ್ತ ಬರುತ್ತದೆ. ಆದರೆ ಹುಳಿ ತಿಂದ ಕೂಡಲೇ ಬ್ರಷ್ ಮಾಡಬೇಡಿ. ನೀರಿನಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಡಿ. ನಿಂಬೆಹಣ್ಣು ಉಪ್ಪು ಹಚ್ಚಿ ಹಲ್ಲು ಉಜ್ಜುವುದಂತೂ ಬೇಡವೇ ಬೇಡ.

ಎಲ್ಲಿಂದ ಕೀಳಬೇಕು, ಯಾರಿಗೆ ಬೇಡ

ತೋಟದ ಸೊಪ್ಪು ಎಂದರೆ ಶುದ್ಧ ಎಂದುಕೊಳ್ಳುವುದು ಸರಿಯಲ್ಲ. ಮಳೆಗೆ ಮುಂಚೆ ಅಡಿಕೆ, ಕಾಫಿ, ಮೆಣಸಿಗೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಅಡಿಕೆ ಮರಕ್ಕೆ ಹಬ್ಬಿಸಿದ ವೀಳ್ಯದ ಬಳ್ಳಿಯ ಮೇಲೂ ಅದು ಸುರಿಯುತ್ತದೆ. ಶುಂಠಿ ಹೊಲಗಳಲ್ಲಿ ಔಷಧ ಹೊಡೆತ ಇನ್ನೂ ಜಾಸ್ತಿ, ಪಕ್ಕದ ಬದುವಿನ ಹೆಮ್ಮುಗುಳು, ಬೇವಿನ ಚಿಗುರಿನ ಮೇಲೂ ಬೀಳುತ್ತದೆ. ಬಾಯಿಗೆ ಹಾಕುವ ಎಲೆಯನ್ನು ಮನೆಯ ಹಿತ್ತಲಿನಿಂದಲೇ ಕೀಳಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಹೆದ್ದಾರಿ ಬದಿಯ ಮರ, ಚರಂಡಿ ಪಕ್ಕದ ಗಿಡ ಬೇಡ.

ಗರ್ಭಿಣಿಯರಿಗೆ ಒಸಡಿನಲ್ಲಿ ರಕ್ತ ಬರುವುದು ಸಾಮಾನ್ಯ. ಅವರಿಗೆ ಉಪ್ಪುನೀರು, ಮೆತ್ತನೆಯ ಬ್ರಷ್ಷು ಸಾಕು, ಬೇವು ನುಂಗುವುದು ಬೇಡ. ಸಕ್ಕರೆ ಕಾಯಿಲೆ ಇರುವವರಲ್ಲಿ ಒಸಡಿನ ರೋಗ ಬೇಗ ಬಲಿಯುತ್ತದೆ. ಅವರು ಕಷಾಯ ಮಾಡುತ್ತಾ ದಿನ ತಳ್ಳದೆ ಮೊದಲೇ ತೋರಿಸಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಲವಂಗದ ಎಣ್ಣೆ, ಅರಿಶಿನವನ್ನು ಔಷಧದ ಪ್ರಮಾಣದಲ್ಲಿ ಬಳಸುವ ಮೊದಲು ತಮ್ಮ ಡಾಕ್ಟರನ್ನು ಕೇಳಲಿ. ಚಿಕ್ಕ ಮಕ್ಕಳಿಗೆ ಬೇವಿನ ಎಣ್ಣೆ ಕುಡಿಸಿ ಪ್ರಾಣಕ್ಕೇ ಅಪಾಯವಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ, ಅದನ್ನು ಬಾಯಿಗೆ ಹಾಕಲೇಬಾರದು. ಮುಕ್ಕಳಿಸಿ ಉಗುಳಲು ಬಾರದ ಮಗುವಿಗೆ ಯಾವ ಕಷಾಯವೂ ಬೇಡ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು ಪೇಸ್ಟು, ಆರು ವರ್ಷದವರೆಗೆ ಬಟಾಣಿಯಷ್ಟು, ಮತ್ತು ಏಳೆಂಟು ವರ್ಷ ತುಂಬುವವರೆಗೂ ಬ್ರಷ್ಷು ದೊಡ್ಡವರ ಕೈಯಲ್ಲೇ ಇರಲಿ.